ಊರ ಕಡೆಯ ಮಾತು: ಬೆಳಕಿನ ಎಳೆಗೆ ಒಂದು ದಾರಿ



ಈ ಪುಟದಲ್ಲಿ ಬರೆಯುವವನು ಪರರ ಲೋಪದೋಷಗಳನ್ನು ಎತ್ತಿ ಆಡಿ, ಕಡೆಯಲ್ಲಿ ಎರಡು ಬುದ್ಧಿಮಾತು ಹೇಳಿ ಮುಗಿಸುವುದು ವಾಡಿಕೆ. ಈ ಸಲ ಹಾಗೆ ಮಾಡುವ ಯೋಗ್ಯತೆ ನನಗಿಲ್ಲ. ತಪ್ಪು ನನ್ನದೇ. ಅದನ್ನು ಬಿಚ್ಚಿ ಹೇಳಿಕೊಂಡರೆ ನಿಮ್ಮಲ್ಲಿ ನಾಲ್ಕು ಮಂದಿಗಾದರೂ ಪ್ರಯೋಜನವಾದೀತೆಂದು ತೋರಿ ಬರೆಯುತ್ತಿದ್ದೇನೆ.

ನಮ್ಮ ಊರು ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆಗೆ. ಊರೆಂದರೆ ಬಯಲುಸೀಮೆಯ ವಾಚಕರು ಎಣಿಸುವಂತೆ ಸಾಲುಮನೆಗಳ ಊರಲ್ಲ. ತೋಟಕ್ಕೊಂದು ಮನೆ, ಮನೆಗೊಂದು ಗುಡ್ಡ. ಒಂದು ಮನೆಯ ಒಗ್ಗರಣೆಯ ವಾಸನೆ ಇನ್ನೊಂದು ಮನೆಗೆ ಮುಟ್ಟುವ ಮಾತಿಲ್ಲ. ಅಪ್ಪಯ್ಯ ತೀರಿಕೊಂಡ ಮೇಲೆ ಅಮ್ಮ ನನ್ನೊಡನೆ ಮುಂಬಯಿಗೆ ಬಂದಳು. ಮನೆಗೆ ಬೀಗ ಬಿತ್ತು. ತೋಟವನ್ನು ಆಚೆಮನೆಯವರು ನೋಡಿಕೊಳ್ಳುತ್ತಾರೆ. ನಮ್ಮ ತೋಟ ದಾಟಿದರೆ ಗುಡ್ಡದ ಬುಡದಲ್ಲಿ ನಾಲ್ಕು ಮನೆಗಳಿವೆ; ಅವುಗಳಲ್ಲಿ ಮೊದಲನೆಯದಕ್ಕೇ ಆಚೆಮನೆಯೆಂದು ಹೆಸರು.

2022ರಲ್ಲಿ ಮಳೆಗಾಲ ಹಿಂದಾದ ಮೇಲೆ ಒಂದು ಸಂಜೆ ನನಗೆ ಊರಿನಿಂದ ಫೋನು ಬಂತು. ಹಿಂದೆ ನಮ್ಮ ಕಡೆ ಮನೆಮನೆಗೂ ಟೀವಿಯ ಕೇಬಲ್ ಎಳೆಯುತ್ತಿದ್ದ ಹುಡುಗ.

"ಅಣ್ಣಾ, ನಾನೀಗ ಫೈಬರ್ ಕನೆಕ್ಷನ್ ಕೊಡೋ ಕೆಲಸ ಹಿಡಿದಿದ್ದೀನಿ. ಪಂಚಾಯತಿ ಆಫೀಸಿನಿಂದ ಲೈನು ನಿಮ್ಮ ತೋಟದ ದಣಪೆವರೆಗೂ ಬಂದಿದೆ. ಆಚೆ ನಾಲ್ಕು ಮನೆಗೆ ಹೋಗಬೇಕಾದ್ರೆ ನಿಮ್ಮ ತೋಟದ ಅಂಚಿನಲ್ಲಿ ಮೂರು ಕಂಬ ನೆಡಬೇಕು. ಒಂದು ಅಡಿಕೆ ಮರಾನೂ ಕಡಿಯೋದಿಲ್ಲ. ನೀವು ಹೂಂ ಅಂದ್ರೆ ಸಾಕು."

"ನೋಡೋಣ, ಅಣ್ಣನನ್ನು ಒಂದು ಮಾತು ಕೇಳಿ ಹೇಳುತ್ತೇನೆ" ಎಂದೆ.

ಈ 'ನೋಡೋಣ' ಎಂಬ ಮಾತು ಇದೆಯಲ್ಲ, ಇಲ್ಲ ಎನ್ನುವ ಮಾತಿಗಿಂತ ಇದು ಕೆಟ್ಟದ್ದು. ಇಲ್ಲವೆಂದರೆ ಕೇಳಿದವನು ಬೇರೆ ದಾರಿ ಹುಡುಕಿಯಾನು. ನೋಡೋಣವೆಂದರೆ ಕಾಯುತ್ತ ಕೂರುತ್ತಾನೆ.

ಪುಣೆಯಲ್ಲಿರುವ ಅಣ್ಣನನ್ನು ಕೇಳಿದೆ. "ಇವತ್ತು ಕಂಬ ಅಂತಾರೆ, ನಾಳೆ ಅದೇ ಸಾಲಿನಲ್ಲಿ ದಾರಿ ಅಂತಾರೆ. ಹುಷಾರಾಗಿರು" ಎಂದ. ಹೈದರಾಬಾದಿನ ಅಕ್ಕ, "ಪಹಣಿ ಇನ್ನೂ ಅಪ್ಪಯ್ಯನ ಹೆಸರಿನಲ್ಲೇ ಇದೆ. ರುಜು ಹಾಕಲಿಕ್ಕೆ ನೀನು ಯಾರು, ನಾನು ಯಾರು?" ಎಂದಳು. ಇಬ್ಬರ ಮಾತಿನಲ್ಲೂ ಹುರುಳಿಲ್ಲವೆಂದಲ್ಲ. ಆದರೆ ಆ ಹುರುಳನ್ನು ಹಿಡಿದು ಯಾರನ್ನಾದರೂ ವಿಚಾರಿಸೋಣವೆಂದು ನಾನು ಹೊರಡಲಿಲ್ಲ. ಒಳಕೋಣೆಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಅಮ್ಮನನ್ನು ಕೇಳಬೇಕೆಂದು ಮೂವರಲ್ಲಿ ಒಬ್ಬರಿಗೂ ತೋಚಲಿಲ್ಲ. ಹುಡುಗ ಮತ್ತೆರಡು ಸಲ ಫೋನು ಮಾಡಿದ. ಎರಡು ಸಲವೂ ನೋಡೋಣವೆಂದೆ. ಹೀಗೆ ಏಳು ತಿಂಗಳು ಕಳೆದವು. ಅದೇ ಏಳು ತಿಂಗಳಲ್ಲಿ ನಮ್ಮ ಮುಂಬಯಿಯ ಮನೆಯ ಇಂಟರ್‌ನೆಟ್ಟು ಒಂದು ಮಧ್ಯಾಹ್ನ ಎರಡು ಗಂಟೆ ನಿಂತುಹೋದಾಗ ನಾನು ಆರು ಬಾರಿ ಫೋನು ಮಾಡಿ ಕೂಗಾಡಿದ್ದುಂಟು. ಎರಡು ಸಂಗತಿಗಳನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡುವ ಬುದ್ಧಿ ಆಗ ಬರಲಿಲ್ಲ.

ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸಿ, ಆ ಹುಡುಗ ಎಳೆಯಹೊರಟಿದ್ದ ವಸ್ತು ಯಾವುದು, ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳಬೇಕು. ನಾನೂ ಆಮೇಲೆ ಓದಿ ಕೇಳಿ ತಿಳಿದದ್ದೇ.

ಫೈಬರ್ ಎಂದರೆ ತಂತಿಯಲ್ಲ, ಗಾಜಿನ ಎಳೆ. ಮೇಲಿನ ಹೊದಿಕೆಗಳನ್ನು ತೆಗೆದು ನೋಡಿದರೆ ಅದರ ದಪ್ಪ ಮಿಲಿಮೀಟರಿನ ಎಂಟನೆಯ ಒಂದು ಪಾಲು. ಅದರೊಳಗೆ ಬೆಳಕು ಹರಿಯುವ ತಿರುಳು ಮಿಲಿಮೀಟರಿನ ನೂರನೆಯ ಒಂದು ಪಾಲಿಗೂ ಕಡಿಮೆ. ತಿರುಳಿನ ಗಾಜಿಗೂ ಅದನ್ನು ಸುತ್ತಿಕೊಂಡ ಗಾಜಿಗೂ ಅತ್ಯಲ್ಪ ಭೇದವಿಟ್ಟಿರುತ್ತಾರೆ. ಆ ಭೇದದಿಂದಾಗಿ ಒಂದು ತುದಿಯಲ್ಲಿ ಹೊಕ್ಕ ಬೆಳಕು ಹೊರಗೆ ಸೋರದೆ, ಎಳೆ ಬಳಸಿಕೊಂಡು ಹೋದಲ್ಲೆಲ್ಲ ತಾನೂ ಬಳಸಿಕೊಂಡು ಹೋಗಿ ಇನ್ನೊಂದು ತುದಿಯನ್ನು ಮುಟ್ಟುತ್ತದೆ. ಆ ಬೆಳಕನ್ನು ಒಂದು ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ಮಿಣುಕಿಸುತ್ತಾರೆ. ನಮ್ಮ ಮಾತು, ಬರಹ, ಚಿತ್ರಗಳೆಲ್ಲ ಆ ಮಿಣುಕುಗಳ ಲೆಕ್ಕದಲ್ಲಿ ಸಾಗುತ್ತವೆ.

ಈ ವಿದ್ಯೆಯ ಆದಿಯಲ್ಲಿ ನಮ್ಮ ದೇಶದವರೊಬ್ಬರ ಹೆಸರಿದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸರೊಡನೆ ದುಡಿದು, ಗಾಜಿನೆಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಬಹುದೆಂಬುದನ್ನು 1954ರಲ್ಲಿ ಪ್ರಕಟಿಸಿದರು. ಆದರೆ ಆಗಿನ ಗಾಜಿನಲ್ಲಿ ಬೆಳಕು ಬಹುದೂರ ಬಾಳುತ್ತಿರಲಿಲ್ಲ. ದೋಷ ಗಾಜಿನದ್ದಲ್ಲ, ಅದರೊಳಗಿನ ಕಲ್ಮಶದ್ದು. ಒಂದು ಕಿಲೋಮೀಟರಿನ ತುದಿಯಲ್ಲಿ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ದೂರವಾಣಿಗೆ ಸಾಕು ಎಂದು 1966ರಲ್ಲಿ ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅಷ್ಟು ಶುದ್ಧವಾದ ಗಾಜನ್ನು 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಾರ್ಖಾನೆಯವರು ಮಾಡಿದರು. ಇಂದಿನ ಒಳ್ಳೆಯ ಎಳೆಯಲ್ಲಿ ಹದಿನೈದು ಕಿಲೋಮೀಟರು ನಡೆದ ಮೇಲೂ ಬೆಳಕಿನ ಅರ್ಧದಷ್ಟು ಉಳಿದಿರುತ್ತದೆ. ಅಷ್ಟು ದಪ್ಪದ ಕಿಟಕಿಯ ಗಾಜಾಗಿದ್ದರೆ ಆಚೆಯ ಸೂರ್ಯನೂ ನಮಗೆ ಕಾಣುತ್ತಿರಲಿಲ್ಲ.

ಇನ್ನು ಈ ಎಳೆ ಹಳ್ಳಿಗೆ ಬಂದ ಬಗೆ. ಹಳ್ಳಿಗೆ ದೂರವಾಣಿ ತರುವ ಕೆಲಸದಲ್ಲಿ ಕನ್ನಡನಾಡಿಗೆ ಒಂದು ಹಳೆಯ ಪಾಲುಂಟು. ಸೆಕೆ, ಧೂಳುಗಳನ್ನು ತಡೆದುಕೊಂಡು ತಂಪುಯಂತ್ರದ ಹಂಗಿಲ್ಲದೆ ನಡೆಯಬಲ್ಲ ಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜೊಂದನ್ನು ಸಿ-ಡಾಟ್ ಸಂಸ್ಥೆಯವರು ರೂಪಿಸಿ, ಮೊತ್ತಮೊದಲು 1986ರಲ್ಲಿ ನೆಟ್ಟದ್ದು ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಊರಿನಿಂದ ಹೊರಟ ಆ ಪೆಟ್ಟಿಗೆ ಮುಂದೆ ದೇಶದ ಸಾವಿರಾರು ಹಳ್ಳಿಗಳಲ್ಲಿ ಗಂಟೆ ಬಾರಿಸಿತು.

ಗಾಜಿನೆಳೆಯ ಸರದಿ ಅದಾದ ಕಾಲು ಶತಮಾನದ ಮೇಲೆ ಬಂತು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2015ರಿಂದ ಅದನ್ನು ಭಾರತ್‌ನೆಟ್ ಎಂದು ಕರೆಯುತ್ತಾರೆ. 2017ರ ಕೊನೆಯ ಹೊತ್ತಿಗೆ ಮೊದಲ ಘಟ್ಟದ ಒಂದು ಲಕ್ಷ ಪಂಚಾಯತಿಗಳ ಕೆಲಸ ಮುಗಿಯಿತು. ಇದಕ್ಕೆ ಹಣ ಎಲ್ಲಿಂದ ಬಂತೆಂಬುದು ನಮ್ಮಂಥವರು ತಿಳಿಯತಕ್ಕದ್ದು. ದೂರವಾಣಿ ಕಂಪನಿಗಳ ವರಮಾನದಲ್ಲಿ ನೂರಕ್ಕೆ ಐದರಂತೆ ತೆಗೆದಿಟ್ಟ ಒಂದು ನಿಧಿಯುಂಟು. ಹಿಂದೆ ಅದಕ್ಕೆ ಸಾರ್ವತ್ರಿಕ ಸೇವಾ ನಿಧಿಯೆಂಬ ಅರ್ಥದ ಹೆಸರಿತ್ತು, 2024ರಿಂದ ಡಿಜಿಟಲ್ ಭಾರತ್ ನಿಧಿಯೆನ್ನುತ್ತಾರೆ. ಅಂದರೆ ಮುಂಬಯಿ, ದಿಲ್ಲಿ, ಚೆನ್ನೈಗಳಲ್ಲಿ ಕುಳಿತು ನಾವು ಕಟ್ಟುವ ಬಿಲ್ಲಿನ ಒಂದು ಚೂರು ಊರಿನ ಲೈನಿಗೆ ಸಲ್ಲುತ್ತಲೇ ಇದೆ.

ಆದರೆ ಗಮನಿಸಿ: ಈ ಲೈನು ಮುಟ್ಟಿದ್ದು ಪಂಚಾಯತಿ ಆಫೀಸಿಗೆ. ಪಂಚಾಯತಿ ಆಫೀಸೆಂದರೆ ನಮ್ಮ ಜಗಲಿಯಲ್ಲ. ಮಲೆನಾಡಿನಲ್ಲಿ ಒಂದು ಪಂಚಾಯತಿಗೆ ಹತ್ತಾರು ಮಜರೆಗಳು. ಆಫೀಸಿನಿಂದ ಕಡೆಯ ಮನೆಗೆ ಐದಾರು ಮೈಲಿ. ಮೊದಮೊದಲು ಹಾಕಿದ ಲೈನುಗಳಲ್ಲಿ ಇನ್ನೊಂದು ತೊಂದರೆಯಿತ್ತು. ತಾಲೂಕು ಕೇಂದ್ರದಿಂದ ಪಂಚಾಯತಿಗೆ ಒಂದೇ ಕವಲು. ನಡುವೆ ಯಾರೋ ರಸ್ತೆ ಅಗಲಿಸಲು, ನೀರಿನ ಪೈಪು ಹಾಕಲು ಜೇಸೀಬಿ ಹೊಡೆದರೆ ಪಂಚಾಯತಿ ಪೂರ್ತಿ ಕತ್ತಲೆ. 2023ರ ಆಗಸ್ಟಿನಲ್ಲಿ ಮಂಜೂರಾದ 1,39,579 ಕೋಟಿ ರೂಪಾಯಿಗಳ ತಿದ್ದಿದ ಯೋಜನೆಯಲ್ಲಿ ಈ ಎರಡು ಕೊರತೆಗಳಿಗೂ ಮದ್ದು ಹುಡುಕಿದ್ದಾರೆ. ಪಂಚಾಯತಿಗಳನ್ನು ಉಂಗುರದ ಹಾಗೆ ಪೋಣಿಸುವುದು ಒಂದು: ಒಂದು ಕಡೆ ಕತ್ತರಿಸಿದರೆ ಇನ್ನೊಂದು ಕಡೆಯಿಂದ ಬೆಳಕು ಬಂದೀತು. ಐದು ವರ್ಷಗಳಲ್ಲಿ ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಸಂಪರ್ಕ ಕೊಡುವ ಗುರಿ ಇನ್ನೊಂದು. ಪಂಚಾಯತಿಯಿಂದ ಮನೆಯ ತನಕದ ಕೆಲಸಕ್ಕೆ ಬಹುಮಟ್ಟಿಗೆ ನಂಬಿಕೊಂಡಿರುವುದು ನಾನು ಹೇಳಿದ ಆ ಕೇಬಲ್ ಹುಡುಗನಂಥ ಸ್ಥಳೀಯರನ್ನೇ. ಗಿರಾಕಿ ಕಟ್ಟುವ ಹಣದಲ್ಲಿ ಅವರಿಗೊಂದು ಪಾಲು.

ಮೊಬೈಲು ಇರುವಾಗ ಇದೆಲ್ಲ ಏತಕ್ಕೆಂದು ಕೆಲವರು ಕೇಳುವುದುಂಟು. ಬಯಲಿನಲ್ಲಿ ಆ ಪ್ರಶ್ನೆ ಸರಿ. ಮೊಬೈಲಿನ ಅಲೆಗೆ ಗುಡ್ಡ ಅಡ್ಡ, ದಟ್ಟ ಮರ ಅಡ್ಡ. ಕಣಿವೆಯಲ್ಲಿ ಮನೆ ಕಟ್ಟಿಕೊಂಡ ನಮ್ಮ ಹಿರಿಯರು ನೀರು ನೋಡಿದರೇ ಹೊರತು ಸಿಗ್ನಲ್ ನೋಡಲಿಲ್ಲ. 2020, 2021ರ ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿ ಪಾಠಗಳೆಲ್ಲ ಫೋನಿಗೆ ಬಂದಾಗ, ಮಲೆನಾಡು ಕರಾವಳಿಗಳ ಮಕ್ಕಳು ಗುಡ್ಡ ಹತ್ತಿ, ಮರದಡಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ಓದಿದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿ ಅಯ್ಯೋ ಎಂದೆವು. ಸುಳ್ಯದ ಕಡೆ ರಸ್ತೆಬದಿಯಲ್ಲಿ ಮಗಳು ಪಾಠ ಕೇಳುತ್ತಿದ್ದರೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು ನಾನೂ ಹತ್ತು ಜನಕ್ಕೆ ಕಳಿಸಿದ್ದೆ.

ಈಗ ಕಥೆಗೆ ಮರಳುತ್ತೇನೆ.

2023ರ ಮೇ ತಿಂಗಳಲ್ಲಿ ಊರಿಗೆ ಹೋದೆ. ಬೀಗ ತೆಗೆದು, ಕಸ ಗುಡಿಸಿ, ಕಾಫಿಗೆ ಆಚೆಮನೆಗೆ ನಡೆದೆ. ಆಚೆಮನೆ ಅತ್ತೆ ರಕ್ತಸಂಬಂಧದಲ್ಲಿ ಅತ್ತೆಯಲ್ಲ. ಚಿಕ್ಕಂದಿನಿಂದ ಕರೆದು ಅತ್ತೆಯಾದವರು. ಎಪ್ಪತ್ತೈದು ದಾಟಿದೆ. ಮೊಮ್ಮಗಳೊಬ್ಬಳನ್ನು ಜೊತೆಯಲ್ಲಿಟ್ಟುಕೊಂಡು ಓದಿಸುತ್ತಿದ್ದಾರೆ. ಹುಡುಗಿ ಕಾಣಲಿಲ್ಲ.

"ಕೂಸು ಎಲ್ಲಿ ಅತ್ತೆ?"

"ಗುಡ್ಡಕ್ಕೆ ಹೋಗಿದಾಳೆ."

"ಈ ಬಿಸಿಲಲ್ಲಿ ಗುಡ್ಡಕ್ಕೆ ಎಂತಕ್ಕೆ? ಸೌದೆಗಾ?"

"ಸೌದೆಗೆ ಯಾರು ಹೋಗ್ತಾರೆ ಈಗ! ಪೀಯೂಸಿ ಪಾಸಾಯ್ತಲ್ಲ, ಕಾಲೇಜಿನ ಅರ್ಜಿ ತುಂಬಬೇಕಂತೆ. ಮೇಲೆ ಬಂಡೆ ಹತ್ತಿರ ಸಿಗ್ನಲ್ ಸಿಗ್ತದೆ. ನಿನ್ನೆ ಅರ್ಧ ತುಂಬೋ ಹೊತ್ತಿಗೆ ಹೋಯ್ತಂತೆ, ಇವತ್ತು ಪುನಃ ಮೊದಲಿಂದ."

ನನಗೆ ಕುಡಿಯುತ್ತಿದ್ದ ಕಾಫಿ ಗಂಟಲಲ್ಲಿ ನಿಂತ ಹಾಗಾಯಿತು. ಲೈನು ಬಾರದಿರುವುದು ಯಾರಿಂದ ಎಂದು ಅವರಿಗೆ ಗೊತ್ತಿಲ್ಲವೆಂದು ಒಂದು ಕ್ಷಣ ಆಸೆಪಟ್ಟೆ. ಊರಿನಲ್ಲಿ ಅಂಥ ಸಂಗತಿ ಯಾರಿಗೆ ತಾನೆ ಗೊತ್ತಿರುವುದಿಲ್ಲ! ಕೊನೆಗೆ ನಾನೇ ಬಾಯಿಬಿಟ್ಟೆ: "ಆ ಕಂಬದ ವಿಚಾರ ಅತ್ತೆ, ಅಣ್ಣ ಅಕ್ಕ ಎಲ್ಲರನ್ನೂ ಕೇಳಬೇಕಲ್ಲ, ಅದಕ್ಕೇ ಸ್ವಲ್ಪ ತಡವಾಯ್ತು."

ಅತ್ತೆ ಕೋಪಿಸಿಕೊಳ್ಳಲಿಲ್ಲ. "ಕೇಳಬೇಕಾದ್ದೇ ಮಗಾ, ಆಸ್ತಿ ಅಂದ ಮೇಲೆ" ಎಂದರು. ಬಳಿಕ ಲೋಟ ತೆಗೆದುಕೊಂಡು ಒಳಗೆ ಹೋಗುತ್ತ, "ನಿನ್ನಜ್ಜ ಅಬ್ಬಿ ನೀರಿಗೆ ಕೇಳ್ದಾಗ ನಮ್ಮ ಮಾವ ಯಾರನ್ನೂ ಕೇಳಲಿಲ್ಲಂತೆ. ಆ ಕಾಲ ಬೇರೆ ಬಿಡು" ಎಂದರು.

ಅಬ್ಬಿ ನೀರೆಂದರೆ ಮಲೆನಾಡಿನವರಲ್ಲದ ವಾಚಕರಿಗೆ ತಿಳಿಯದಿರಬಹುದು. ಗುಡ್ಡದ ಒರತೆಯ ನೀರನ್ನು ಬಾವಿಯ ಹಗ್ಗ, ಪಂಪುಗಳ ಗೊಡವೆಯಿಲ್ಲದೆ, ಅಡಿಕೆ ಮರವನ್ನು ಸೀಳಿ ತಿರುಳು ತೆಗೆದ ದಬ್ಬೆಗಳನ್ನು ಒಂದಕ್ಕೊಂದು ಜೋಡಿಸಿ ಬಚ್ಚಲಿನ ತನಕ ಹರಿಸಿಕೊಳ್ಳುವ ಏರ್ಪಾಡು. ಈಗ ದಬ್ಬೆಯ ಸ್ಥಾನದಲ್ಲಿ ಕಪ್ಪು ಪೈಪು ಬಂದಿದೆ, ಏರ್ಪಾಡು ಅದೇ. ನಮ್ಮ ಮನೆಯ ಅಬ್ಬಿ ನೀರು ಆಚೆಮನೆಯವರ ಹಿತ್ತಿಲ ಮೇಲ್ಗಡೆಯ ಒರತೆಯಿಂದ ಹೊರಟು, ಅವರ ಹಕ್ಕಲು ದಾಟಿ, ಅವರ ಗದ್ದೆಯ ಅಂಚಿನಲ್ಲಿ ಇಳಿದು ನಮ್ಮ ತೋಟಕ್ಕೆ ಬರುತ್ತದೆ. ನಾನು ಹುಟ್ಟುವುದಕ್ಕೆ ಮೊದಲಿನಿಂದ ಬರುತ್ತಿದೆ. ಅದಕ್ಕೆ ಒಂದು ಚೂರು ಕಾಗದವಿಲ್ಲ, ಮೊಹರಿಲ್ಲ. ಮಳೆಗಾಲದಲ್ಲಿ ಎಲೆ ಸಿಕ್ಕಿಕೊಂಡು ನೀರು ನಿಂತರೆ ದಬ್ಬೆಯುದ್ದಕ್ಕೂ ನಡೆದು ಬಿಡಿಸುತ್ತಿದ್ದವರು ಎಷ್ಟೋ ಸಲ ಆಚೆಮನೆಯವರೇ. ಆ ನೀರು ಕುಡಿದು ಬೆಳೆದು, ಓದಿ, ಮುಂಬಯಿಗೆ ಬಂದು, ಅವರ ಮನೆಗೆ ಹೋಗುವ ಬೆಳಕಿನ ಎಳೆಗೆ ಏಳು ತಿಂಗಳು 'ನೋಡೋಣ' ಎಂದವನು ನಾನು.

ಅಂದು ರಾತ್ರಿ ಗುಡ್ಡ ಹತ್ತಿ, ಆ ಹುಡುಗಿ ಕೂರುವ ಬಂಡೆಯ ಮೇಲೆಯೇ ಕುಳಿತು, ಟಾರ್ಚು ಪಕ್ಕದಲ್ಲಿಟ್ಟುಕೊಂಡು ಅಣ್ಣನಿಗೆ ಫೋನು ಮಾಡಿದೆ. ಕಂಬದ ಮಾತೆತ್ತಲಿಲ್ಲ. "ನಮ್ಮ ಅಬ್ಬಿ ನೀರು ಯಾರ ಜಾಗದ ಮೇಲೆ ಬರ್ತದೆ, ನೆನಪಿದೆಯಾ?" ಎಂದಷ್ಟೇ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ಹೂಂ ಅಂತ ಹೇಳಿಬಿಡು" ಎಂದ. ಅಕ್ಕನೂ ಒಪ್ಪಿದಳು. ಮುಂಬಯಿಗೆ ಫೋನು ಮಾಡಿ ಅಮ್ಮನಿಗೆ ತಿಳಿಸಿದಾಗ ಅವಳು, "ಇದನ್ನು ಕೇಳಲಿಕ್ಕೂ ಏಳು ತಿಂಗಳು ಬೇಕಾಯ್ತಾ ನಿಮಗೆ?" ಎಂದಳು. ಉತ್ತರ ಕೊಡಲಾಗಲಿಲ್ಲ.

ಅಣ್ಣನ ಭಯದ ವಿಚಾರವನ್ನೂ ಹೇಳಿಬಿಡುತ್ತೇನೆ. ಇದೇ ಭಯ ನಿಮ್ಮಲ್ಲೂ ಅನೇಕರಿಗಿದ್ದೀತು. ಊರಿನ ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ತಂತಿ ಕಂಬಗಳು ಒಬ್ಬರ ನೆಲದಲ್ಲಿ ನಿಂತ ಮಾತ್ರಕ್ಕೆ ನೆಲದ ಮೇಲೆ ಹಕ್ಕು ಹುಟ್ಟುವುದಿಲ್ಲ. 1885ರ ಟೆಲಿಗ್ರಾಫ್ ಕಾಯಿದೆಯಲ್ಲಿಯೇ, ಲೈನು ಹಾಕಿದವರಿಗೆ ಜಾಗವನ್ನು ಉಪಯೋಗಿಸುವ ಅಧಿಕಾರ ಮಾತ್ರ, ಬೇರಾವ ಹಕ್ಕೂ ಇಲ್ಲವೆಂದು ಬರೆದಿತ್ತು. 2023ರ ಹೊಸ ದೂರಸಂಪರ್ಕ ಕಾಯಿದೆಯೂ ಆ ತತ್ವವನ್ನು ಬಿಟ್ಟಿಲ್ಲ. ಆದರೂ ಬಾಯಿಮಾತಿಗಿಂತ ಬರಹ ಲೇಸು. ಕಂಬಗಳೆಷ್ಟು, ಎಲ್ಲೆಲ್ಲಿ, ಇದು ಲೈನಿಗಷ್ಟೇ ಹೊರತು ನಡೆಯುವ ದಾರಿಗಲ್ಲ, ಮುಂದೆ ನಮಗೆ ಮನೆ ಕಟ್ಟಲು ಅಡ್ಡವಾದರೆ ಸರಿಸಬೇಕು ಎಂದು ಒಂದು ಪುಟ ಬರೆದು, ವಾರಸುದಾರರೆಲ್ಲ ರುಜು ಹಾಕಿ, ಒಂದು ಪ್ರತಿ ಇಟ್ಟುಕೊಂಡರೆ ಆಯಿತು. ನಾವು ಹಾಗೇ ಮಾಡಿದೆವು. ನನ್ನ ರುಜು ಜಗಲಿಯಲ್ಲೇ ಹತ್ತು ನಿಮಿಷದಲ್ಲಿ ಆಯಿತು. ಅಣ್ಣ ಅಕ್ಕಂದಿರದು ಅಂಚೆಯಲ್ಲಿ ಹೋಗಿ ಬರಲು ಒಂದು ವಾರ.

ಜೂನ್ ಎರಡನೆಯ ವಾರ, ಮಳೆ ಹಿಡಿಯುವ ಮೊದಲು, ನಾಲ್ಕು ಮನೆಗೂ ಲೈನು ಮುಟ್ಟಿತು. ದಣಪೆಯ ಹತ್ತಿರದ ಕಂಬದಲ್ಲಿ ಸ್ಪ್ಲಿಟರ್ ಎಂಬ ಚಿಕ್ಕ ಪೆಟ್ಟಿಗೆಯಿಟ್ಟು, ಬಂದ ಒಂದೇ ಎಳೆಯ ಬೆಳಕನ್ನು ಮನೆಗಳಿಗೆ ಹಂಚಿದ್ದಾನೆ ಹುಡುಗ. ಈ ರೀತಿಯಲ್ಲಿ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚಬಹುದಂತೆ. ಹಂಚುವ ಪೆಟ್ಟಿಗೆಗೆ ವಿದ್ಯುತ್ತು ಬೇಡ. ಪಂಚಾಯತಿಯಲ್ಲಿರುವ ಯಂತ್ರದಿಂದ ಮನೆಯ ಮೋಡೆಮಿನ ತನಕ ನಡುವೆ ಎಲ್ಲಿಯೂ ಕರೆಂಟಿನ ಹಂಗಿಲ್ಲ. ಕರೆಂಟು ಹೋದರೆ ಮೂರು ದಿನ ಬಾರದ ನಮ್ಮ ಕಡೆಗೆ ಇದು ದೊಡ್ಡ ಗುಣ.

ಹಾಗೆಂದು ಎಲ್ಲ ಸುಸೂತ್ರವಾಯಿತೆಂದು ತಿಳಿಯಬೇಡಿ. ಜುಲೈ ಗಾಳಿಗೆ ಹಲಸಿನ ಕೊಂಬೆ ಬಿದ್ದು ಲೈನು ತುಂಡಾಯಿತು. ತಾಮ್ರದ ತಂತಿಯಾಗಿದ್ದರೆ ಹೊಸೆದು ಗಂಟು ಹಾಕಬಹುದಿತ್ತು. ಗಾಜನ್ನು ಹಾಗೆ ಕಟ್ಟಲಾಗದು; ಎರಡು ತುದಿಗಳನ್ನು ನುಣುಪಾಗಿ ಕತ್ತರಿಸಿ, ಯಂತ್ರದೊಳಗೆ ಎದುರುಬದುರಾಗಿಟ್ಟು, ವಿದ್ಯುತ್ ಕಿಡಿಯಲ್ಲಿ ಕರಗಿಸಿ ಬೆಸೆಯಬೇಕು. ಆ ಯಂತ್ರ ದುಬಾರಿ. ಹುಡುಗ ಅದನ್ನು ಇನ್ನಿಬ್ಬರೊಡನೆ ಹಂಚಿಕೊಂಡಿದ್ದಾನೆ. ಅವನ ಪಾಳಿ ಬರುವ ತನಕ ಐದು ದಿನ ನಾಲ್ಕು ಮನೆಗಳೂ ಕಾದವು. ಕಡೆಗೆ ಅವನು ಬಂದು, ಸುರಿವ ಮಳೆಯಲ್ಲಿ ಒಬ್ಬರು ಕೊಡೆ ಹಿಡಿಯಲು, ಜಾರುವ ಧರೆಯ ಮೇಲೆ ಕುಳಿತು ಕೂದಲಿನಂಥ ಎಳೆಯನ್ನು ಬೆಸೆದನಂತೆ. ದಬ್ಬೆಯ ನೀರಾಗಲಿ, ಗಾಜಿನ ಬೆಳಕಾಗಲಿ, ತಂದುಬಿಟ್ಟರೆ ಮುಗಿಯಲಿಲ್ಲ. ಅದರುದ್ದಕ್ಕೂ ನಡೆದು ನೋಡುವವನೊಬ್ಬ ಬೇಕು. ದಿಲ್ಲಿಯಲ್ಲಿ ಮಂಜೂರಾದ ಸಾವಿರಾರು ಕೋಟಿಗಳ ಕೊನೆಯ ಕೊಂಡಿ ಆ ಧರೆಯ ಮೇಲೆ ನೆನೆಯುತ್ತ ಕುಳಿತ ಹುಡುಗನೇ. ತಿಂಗಳ ನಾಲ್ಕೈದು ನೂರು ರೂಪಾಯಿ ಬಾಡಿಗೆಯಲ್ಲಿ ಅವನ ಪಾಲು ಎಷ್ಟು ಬಂದೀತೆಂದು ನೀವೇ ಲೆಕ್ಕ ಹಾಕಿ.

ದಾರಿ ಬಿಡುವ ಮಾತು ನಮ್ಮ ಮಲೆನಾಡಿಗೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನ ಉತ್ತರಭಾಗದ ಲ್ಯಾಂಕಾಷೈರಿನಲ್ಲಿ, ದೊಡ್ಡ ಕಂಪನಿಗಳು ಬಾರದ ಹಳ್ಳಿಗಳ ಜನ 2011ರಲ್ಲಿ ತಾವೇ ಸೇರಿ ಒಂದು ಸಹಕಾರಿ ಬಗೆಯ ಸಂಘ ಕಟ್ಟಿದರು. ಹೊಲದ ಒಡೆಯರು ಬಾಡಿಗೆ ಕೇಳದೆ ತಮ್ಮ ಹೊಲಗಳಲ್ಲಿ ದಾರಿ ಬಿಟ್ಟರು. ರೈತರೂ ಗೃಹಿಣಿಯರೂ ನಿವೃತ್ತರೂ ಗುದ್ದಲಿ ಹಿಡಿದು ಕಾಲುವೆ ತೋಡಿ ಫೈಬರ್ ಹೂಳಿದರು. ಪಟ್ಟಣದ ಬಹುಪಾಲು ಮನೆಗಳಿಗೆ ಆಗ ಇಲ್ಲದಿದ್ದ ವೇಗ ಆ ಹಳ್ಳಿಯ ಮನೆಗಳಿಗೆ ಬಂತು. ಲೈನಿನ ಖರ್ಚಿನಲ್ಲಿ ಹೆಚ್ಚಿನದು ಗಾಜಿನದ್ದಲ್ಲ, ಅಗೆತದ್ದು ಮತ್ತು ದಾರಿಯದ್ದು; ಅದನ್ನು ನೆರೆಹೊರೆಯವರು ಹಂಚಿಕೊಂಡರೆ ಉಳಿದದ್ದು ಹಗುರ. ನಮ್ಮ ಹಿರಿಯರಿಗೆ ಇದು ಹೊಸ ಮಾತೇ? ನಾಟಿಗೆ ಮುಯ್ಯಾಳು ಹೋಗಿ ಬಂದ ಜನ ನಾವು.

ಆದುದರಿಂದ ವಾಚಕರಲ್ಲಿ ನನ್ನ ವಿನಂತಿ ಇಷ್ಟೆ. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಬೀಗ ಹಾಕಿದ ಮನೆಯುಂಟು, ಬೇಲಿ ಹಾಕಿದ ಹಿತ್ತಿಲುಂಟು. ಅದು ಘಟ್ಟದ ಕೆಳಗಿರಲಿ, ಮೇಲಿರಲಿ, ಬಯಲುಸೀಮೆಯಲ್ಲಿರಲಿ, ಅದರಾಚೆಗೆ ಯಾರ ಮನೆಯಿದೆ ಎಂದು ಒಮ್ಮೆ ನೆನೆಸಿಕೊಳ್ಳಿ. ಅಲ್ಲಿಗೆ ಲೈನು ಹೋಗಿದೆಯೇ, ಹೋಗದಿದ್ದರೆ ನಮ್ಮ ಬೇಲಿಯೇ ಅಡ್ಡವಾಗಿದೆಯೇ ಎಂದು ಮುಂದಿನ ಸಲ ಊರಿಗೆ ಫೋನು ಮಾಡಿದಾಗ ಕೇಳಿ. ಕೇಳಿದರೆ ಹೂಂ ಎನ್ನಿ, ಇಲ್ಲವೇ ಇಲ್ಲವೆನ್ನಿ, ನೋಡೋಣ ಎನ್ನಬೇಡಿ.

ತಂದೆತಾಯಿಗಳು ಊರಿನಲ್ಲಿಯೇ ಇರುವವರಿಗೆ ಇನ್ನೆರಡು ಮಾತು. ಲೈನಿಗೆ ಕರೆಂಟು ಬೇಡವಾದರೂ ಮನೆಯ ಮೋಡೆಮಿಗೆ ಬೇಕು. ಅದು ಉಣ್ಣುವುದು ಸ್ವಲ್ಪವೇ. ಮೋಡೆಮಿಗೆಂದೇ ಸಿಗುವ ಒಂದು ಪುಟ್ಟ ಬ್ಯಾಟರಿ ಪೆಟ್ಟಿಗೆ ಕೊಂಡುಕೊಟ್ಟರೆ ಕೆಲವು ಗಂಟೆ ನಡೆದೀತು. ಗಾಜಿನೆಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ನಿಜ. ಹಳೆಯ ತಾಮ್ರದ ತಂತಿಯಲ್ಲಿ ಸಿಡಿಲು ನುಗ್ಗಿ ಟೆಲಿಫೋನು ಸುಟ್ಟದ್ದನ್ನು ಕಂಡವರಿಗೆ ಇದು ನೆಮ್ಮದಿ. ಆದರೆ ಮೋಡೆಮಿನ ಇನ್ನೊಂದು ಬಾಲ ಕರೆಂಟಿನ ಪ್ಲಗ್ಗಿನಲ್ಲಿರುತ್ತದೆ. ಗುಡುಗು ಶುರುವಾಗುವ ಮೊದಲೇ ಅದನ್ನು ಕಿತ್ತಿಡಲು ಹೇಳಿ. ಲೈನು ನೋಡಿಕೊಳ್ಳುವ ಹುಡುಗನ ಹೆಸರು, ಫೋನ್ ನಂಬರು ನಿಮ್ಮ ಹತ್ತಿರವೂ ಇರಲಿ. ಊರಿಗೆ ಹೋದಾಗ ಅವನನ್ನು ಜಗಲಿಗೆ ಕರೆದು ಒಂದು ಲೋಟ ಕಾಫಿ ಕೊಡಿ. ಲೈನು ಕೆಟ್ಟಾಗ ಮಾತ್ರ ನೆನೆಯಬೇಡಿ.

ಆಚೆಮನೆಯ ಹುಡುಗಿ ಆ ವರ್ಷ ಗುಡ್ಡದ ಬಂಡೆಯ ಮೇಲಿಂದಲೇ ಅರ್ಜಿ ತುಂಬಿದಳು. ನಾನು ತಡಮಾಡಿದ್ದಕ್ಕೆ ಕೊನೆಯ ದಿನ ಕಾಯಲಿಲ್ಲ. ಶಿವಮೊಗ್ಗದ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಈಗ ಹಾಸ್ಟೆಲಿನಿಂದ ಅಜ್ಜಿಯನ್ನು ಸಂಜೆ ಸಂಜೆ ಫೋನಿನಲ್ಲಿ ನೋಡುತ್ತಾಳೆ.

ನನ್ನ ಅಮ್ಮನಿಗೂ ಒಂದು ಲಾಭವಾಗಿದೆ. ವಾರಕ್ಕೊಮ್ಮೆ ಆಚೆಮನೆ ಅತ್ತೆ ವೀಡಿಯೋ ಕರೆ ಮಾಡುತ್ತಾರೆ. ಎರಡು ಮನೆಯ ನಡುವಣ ಅಗಳಿನ ತನಕ ಫೋನು ಹಿಡಿದುಕೊಂಡು ಬಂದು, ಸಿಗ್ನಲ್ ಸಿಗುವಷ್ಟು ದೂರದಿಂದ ನಮ್ಮ ಮನೆಯ ಹಿಂಭಾಗವನ್ನು ತೋರಿಸುತ್ತಾರೆ. ಮುಂಬಯಿಯ ಮೂರನೆಯ ಮಹಡಿಯಲ್ಲಿ ಕುಳಿತು ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡುತ್ತಾಳೆ. ಅವಳು ಕೇಳುವುದು ಪ್ರತಿಸಲವೂ ಒಂದೇ ಮಾತು:

"ನೀರು ಬರ್ತಾ ಇದೆಯಾ?"

"ಬರ್ತಾ ಇದೆ ಅತ್ತಿಗೆ. ನಿನ್ನೆ ಎಲೆ ಸಿಕ್ಕಿಕೊಂಡಿತ್ತು, ಬಿಡಿಸಿದೆ" ಎನ್ನುತ್ತಾರೆ ಅವರು.